ನಾಯಿ ಸತ್ರೆ ಅಳ್ತಾರೇನು?



2022ರ ಜೂನ್ ತಿಂಗಳ ಮಾತು. ಮಿರಗದ ಮಳೆ ಒಂದೆರಡು ಸಲ ಮುಖ ತೋರಿಸಿ ಹೋಗಿತ್ತು. ತುಂಗಭದ್ರಾ ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಕಾಲುವೆಗೆ ನೀರು ಬಂದು ಭತ್ತದ ಸಸಿಮಡಿ ಹಾಕುವ ತನಕ ನಮ್ಮ ಬಾದನಹಟ್ಟಿ ಕಡೆಯ ರೈತರಿಗೆ ಒಂದಿಷ್ಟು ಕೈ ಬಿಡುವು. ಆ ಬಿಡುವಿನಲ್ಲಿ ನಮ್ಮ ಮನೆಯವರು, ನೆರೆಮನೆಯವರು ಕೂಡಿ ಒಂಬತ್ತು ಜನ ಬಳ್ಳಾರಿಗೆ ಸಿನಿಮಾ ನೋಡಲು ಹೋದೆವು. ಸಿನಿಮಾ ‘777 ಚಾರ್ಲಿ’.

ನಮ್ಮ ಸೀಮೆಯಲ್ಲಿ ಪಿಚ್ಚರ್ ಮುಗಿಯುತ್ತದೆ ಎಂಬ ಸುಳಿವು ಸಿಕ್ಕರೆ ಸಾಕು, ಜನ ಎದ್ದು ನಿಲ್ಲುತ್ತಾರೆ. ಕಡೆಯ ಬಸ್ಸು ಹಿಡಿಯಬೇಕು, ಗಾಡಿ ತೆಗೆಯಬೇಕು, ಎಮ್ಮೆ ಹಿಂಡಬೇಕು. ಪರದೆಯ ಮೇಲೆ ಹೆಸರುಗಳು ಬರುವ ಮೊದಲೇ ಕುರ್ಚಿಗಳು ಧಡಧಡ ಸದ್ದು ಮಾಡುತ್ತವೆ. ಅವತ್ತು ಹಾಗಾಗಲಿಲ್ಲ. ದೀಪ ಹತ್ತಿದವು, ಬಾಗಿಲು ತೆರೆದವು, ಜನ ತುಸು ಹೊತ್ತು ಕೂತೇ ಇದ್ದರು. ನನ್ನ ಪಕ್ಕದಲ್ಲಿ ಒಬ್ಬ ಎತ್ತರದ ಆಳು, ಖಾಕಿ ಅಂಗಿ, ದಪ್ಪ ಮೀಸೆ, ನೋಡಿದರೆ ಲಾರಿ ನಡೆಸುವವನಂತಿದ್ದ. ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡವನು ದೀಪ ಹತ್ತಿದ ಮೇಲೂ ತೆಗೆಯಲಿಲ್ಲ. ಅವನ ಮಗ, ಏಳೆಂಟು ವರ್ಷದ ಹುಡುಗ, ಅಂಗಿ ಜಗ್ಗುತ್ತ ನಿಂತಿದ್ದ. “ಅಪ್ಪಾ, ಎಲ್ಲಾರೂ ಹೊಂಟ್ರು. ಏಳು.” ಅಪ್ಪ ಏಳಲಿಲ್ಲ.

ಹೊರಗೆ ಬೈಕು ನಿಲ್ಲಿಸುವ ಜಾಗದಲ್ಲಿ ಹರೆಯದ ಹುಡುಗರ ಗುಂಪೊಂದಿತ್ತು. ಒಬ್ಬ ಇನ್ನೊಬ್ಬನಿಗೆ ಗಟ್ಟಿಯಾಗಿ ಕೇಳಿದ: “ನಾಯಿ ಸತ್ರೆ ಅಳ್ತಾರೇನಲೇ?” ಕೇಳಿದವನ ಕಣ್ಣೇ ಕೆಂಪಾಗಿದ್ದವು.

ಆ ಪ್ರಶ್ನೆ ನನ್ನ ಜೊತೆ ಊರಿಗೆ ಬಂತು. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಸಿನಿಮಾ ನೋಡದವರಿಗಾಗಿ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಧರ್ಮ ಎಂಬ ಒಬ್ಬಂಟಿ ಮನುಷ್ಯ. ಚಿಕ್ಕವನಿದ್ದಾಗಲೇ ಮನೆಯವರನ್ನೆಲ್ಲ ಅಪಘಾತದಲ್ಲಿ ಕಳೆದುಕೊಂಡವನು. ಕಾರ್ಖಾನೆ, ಮನೆ, ಇಡ್ಲಿ, ಸಿಗರೇಟು, ಟಿ.ವಿ.ಯಲ್ಲಿ ಚಾರ್ಲಿ ಚಾಪ್ಲಿನ್, ಇಷ್ಟೇ ಅವನ ಲೋಕ. ಆ ಓಣಿಯಲ್ಲಿ ಅವನನ್ನು ಮಾತಾಡಿಸುವವರು ಇಲ್ಲ, ಒಂದು ಪುಟ್ಟ ಹುಡುಗಿಯನ್ನು ಬಿಟ್ಟರೆ. ಮರಿಗಳನ್ನು ಹುಟ್ಟಿಸಿ ಮಾರುವ ಕ್ರೂರಿಯೊಬ್ಬನ ಗೂಡಿನಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್ ಜಾತಿಯ ಹೆಣ್ಣುನಾಯಿ ಅವನ ಬೆನ್ನು ಬೀಳುತ್ತದೆ. ಬೇಡ ಬೇಡ ಎನ್ನುತ್ತಲೇ ಅವನು ಸೋಲುತ್ತಾನೆ, ಚಾಪ್ಲಿನ್ ಹೆಸರನ್ನೇ ಅದಕ್ಕೆ ಇಡುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಅದಕ್ಕೆ ಕ್ಯಾನ್ಸರ್. ರಕ್ತಸಂಬಂಧದ ನಾಯಿಗಳನ್ನೇ ಮತ್ತೆ ಮತ್ತೆ ಕೂಡಿಸಿ ಮರಿ ತೆಗೆದ ಪಾಪದ ಫಲ ಅದು. ಟಿ.ವಿ.ಯಲ್ಲಿ ಹಿಮ ಕಂಡರೆ ಕುಣಿಯುತ್ತಿದ್ದ ನಾಯಿಗೆ ನಿಜವಾದ ಹಿಮ ತೋರಿಸಬೇಕು ಎಂದು ಅವನು ಬೈಕಿಗೆ ಪಕ್ಕದ ಗಾಡಿ ಕಟ್ಟಿಕೊಂಡು ಉತ್ತರಕ್ಕೆ ಹೊರಡುತ್ತಾನೆ.

ಇದನ್ನು ಬರೆದು ನಿರ್ದೇಶಿಸಿದವರು ಕಿರಣ್‌ರಾಜ್ ಕೆ. ಕಾಸರಗೋಡಿನವರು. ಇದು ಅವರ ಮೊದಲ ಪೂರ್ಣ ಪ್ರಮಾಣದ ಚಿತ್ರ. ಧರ್ಮನಾಗಿ ರಕ್ಷಿತ್ ಶೆಟ್ಟಿ, ಪಶುವೈದ್ಯರಾಗಿ ರಾಜ್ ಬಿ. ಶೆಟ್ಟಿ, ಜೊತೆಗೆ ಸಂಗೀತಾ ಶೃಂಗೇರಿ, ಆ ಪುಟ್ಟ ಹುಡುಗಿಯಾಗಿ ಶಾರ್ವರಿ. ಸಂಗೀತ ನೊಬಿನ್ ಪಾಲ್ ಅವರದು. ನಾಯಿಯನ್ನು ಪಳಗಿಸಿದವರು ಬಿ.ಸಿ. ಪ್ರಮೋದ್. ಚಿತ್ರ ತೆರೆಕಂಡದ್ದು 2022ರ ಜೂನ್ 10, ಶುಕ್ರವಾರ, ಐದು ಭಾಷೆಗಳಲ್ಲಿ. ಮರುವರ್ಷ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು.

ಬಿಡುಗಡೆಯಾದ ಮೂರು ದಿನಕ್ಕೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಬೆಂಗಳೂರಿನಲ್ಲಿ ಈ ಚಿತ್ರ ನೋಡಿದರು. ಹೊರಗೆ ಬಂದವರು ಪತ್ರಕರ್ತರ ಮುಂದೆ ಮಾತಾಡಲಾಗದೆ ಕಣ್ಣೊರೆಸಿಕೊಂಡರು. ಅದಕ್ಕೂ ಹಿಂದಿನ ವರ್ಷ, 2021ರ ಜುಲೈಯಲ್ಲಿ, ಮುಖ್ಯಮಂತ್ರಿಯಾಗುವ ಕೆಲವೇ ದಿನ ಮೊದಲು ಅವರ ಮನೆಯ ನಾಯಿ ಸನ್ನಿ ತೀರಿಕೊಂಡಿತ್ತು. ಅದರ ದೇಹದ ಮೇಲೆ ಬಾಗಿ ಅವರು ಅತ್ತ ಚಿತ್ರವನ್ನು ನಾಡೆಲ್ಲ ನೋಡಿತ್ತು. ಸರ್ಕಾರ ಆ ತಿಂಗಳಲ್ಲೇ ಈ ಚಿತ್ರಕ್ಕೆ ಆರು ತಿಂಗಳ ಮಟ್ಟಿಗೆ ರಾಜ್ಯದ ಪಾಲಿನ ಜಿ.ಎಸ್.ಟಿ. ತೆರಿಗೆಯನ್ನು ಬಿಟ್ಟಿತು. ಮಂಗಳೂರು ಪೊಲೀಸರು ತಮ್ಮ ಶ್ವಾನದಳಕ್ಕೆ ಸೇರಿದ ಮರಿಗೆ ಚಾರ್ಲಿ ಎಂದೇ ಹೆಸರಿಟ್ಟರು. ಪತ್ರಿಕೆಗಳಲ್ಲಿ ಇದೆಲ್ಲ ಬಂತು. ನನ್ನ ಮನಸ್ಸು ಹೋದದ್ದು ಮಾತ್ರ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ ಆ ಮನುಷ್ಯನ ಕಡೆಗೆ. ಮುಖ್ಯಮಂತ್ರಿ ಅತ್ತರೆ ಸುದ್ದಿಯಾಗುತ್ತದೆ. ಅವನು ಮನೆಗೆ ಹೋಗಿ ಯಾರಿಗೆ ಏನೆಂದು ಹೇಳಿದ್ದಾನು?

ಯಾಕೆಂದರೆ ನಮ್ಮಲ್ಲಿ ನಾಯಿಗೆ ಅಳುವ ರೂಢಿ ಇಲ್ಲ. ಎತ್ತು ಸತ್ತರೆ ಮನೆಯ ಮುಂದೆ ನಾಲ್ಕು ಜನ ಬಂದು ಕೂಡುತ್ತಾರೆ, “ಮನಿ ಮಗ ಹ್ವಾದಂಗ ಆತು” ಎನ್ನುತ್ತಾರೆ. ಅರಿಸಿನ ಕುಂಕುಮ ಹಚ್ಚಿ ಮಣ್ಣು ಮಾಡುತ್ತಾರೆ. ನಾಯಿ ಸತ್ತರೆ ಕಾಲಿಗೆ ಹಗ್ಗ ಕಟ್ಟಿ ಎಳೆಯುವುದು. ಬೈಯಲು ನಾಯಿ, ಕಷ್ಟ ಹೇಳಲು ನಾಯಿಪಾಡು, ತಿದ್ದಲಾಗದವನಿಗೆ ನಾಯಿಬಾಲ. ಇಷ್ಟೆಲ್ಲ ಅಂದಮೇಲೂ ನಂಬಿಕೆಯ ಮಾತು ಬಂದಾಗ ಮಾತ್ರ ಅದೇ ನಾಲಿಗೆ “ನಿಯತ್ತಿನ ಪ್ರಾಣಿ” ಎನ್ನುತ್ತದೆ. ಹಗಲೆಲ್ಲ ಹಚಾ ಹಚಾ ಎಂದು ಕಲ್ಲು ಬೀರಿ, ರಾತ್ರಿ ಮೆಣಸಿನಕಾಯಿ ಕಣದಲ್ಲಿ ಅದನ್ನೇ ಕಾವಲಿಗೆ ಬಿಟ್ಟು ನಿದ್ದೆ ಮಾಡುವವರು ನಾವು. ಪ್ರೀತಿ ಇಲ್ಲವೆಂದಲ್ಲ. ಆ ಪ್ರೀತಿಯನ್ನು ಬಾಯಿಬಿಟ್ಟು ಹೇಳಲು ಒಂದು ಮಾತು, ಒಂದು ಶಾಸ್ತ್ರ, ಕೂತು ಅಳಲು ಒಂದು ಜಾಗ ನಮಗಿರಲಿಲ್ಲ. ಸಿನಿಮಾ ಮಂದಿರದ ಕತ್ತಲೆ ಆ ಜಾಗ ಕೊಟ್ಟಿತು. ಅಲ್ಲಿ ಅತ್ತವರೆಲ್ಲ ಪರದೆಯ ಮೇಲಿನ ಚಾರ್ಲಿಗೇ ಅತ್ತರೆಂದು ನಾನು ನಂಬುವುದಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಹಿಂದೆ ಹಗ್ಗ ಕಟ್ಟಿ ಎಳೆದು ಹಾಕಿದ ಯಾವುದೋ ನಾಯಿಗೆ, ಆವತ್ತು ಬಾಕಿ ಉಳಿದಿದ್ದ ಅಳುವನ್ನು ಇವತ್ತು ಅತ್ತರು.

ರೂಢಿ ಇಲ್ಲ ಎಂದೆ. ಎಂದೂ ಇರಲಿಲ್ಲವೇ ಎಂದು ಹಿಂದಕ್ಕೆ ನೋಡಿದರೆ ಬೇರೆಯೇ ಕಾಣುತ್ತದೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರು. ಅಲ್ಲಿ ಒಂದು ಕಲ್ಲಿತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 950ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಗಂಗರ ಬೂತುಗ ಕೃಷ್ಣನ ಪರವಾಗಿ ಕಾದಿ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಬಂಟ ಮಣಲೇರ ಮೆರೆದ ಶೌರ್ಯವನ್ನು ಮೆಚ್ಚಿ, ಬೇಕಾದ್ದನ್ನು ಕೇಳು ಎಂದ ದೊರೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಚಲ್ಲೇಶ್ವರ ಗುಡಿಯ ಮುಂದೆ ಅದರ ಹೆಸರಲ್ಲಿ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟುಕೊಟ್ಟ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಗುಡಿಯ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಎಂದು ಬರೆಸಿದ್ದಾನೆ.

ಕೇಳುಗರೇ, ಇದನ್ನು ಸುಮ್ಮನೆ ಒಮ್ಮೆ ಯೋಚಿಸಿ ನೋಡಿ. ನಾಯಿ ಸತ್ತಿದ್ದಕ್ಕೆ ಒಬ್ಬ ಸೈನಿಕ ಸಾವಿರ ವರ್ಷ ನಿಲ್ಲುವ ಹಾಗೆ ಕಲ್ಲಿನಲ್ಲಿ ಅತ್ತಿದ್ದಾನೆ. ಅತ್ತದ್ದು ಕನ್ನಡದಲ್ಲಿ. ನಾಯಿ ಸತ್ರೆ ಅಳ್ತಾರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಗೊತ್ತಿಲ್ಲ.

ಗೊರವ ಎಂದೆನಲ್ಲ, ಆ ಶಬ್ದ ನಮ್ಮ ಸೀಮೆಯವರಿಗೆ ಹೊಸದಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಗೆ ಹೋದವರು ಕರಿ ಕಂಬಳಿ ಹೊದ್ದ ಗೊರವರನ್ನು ನೋಡಿದ್ದೀರಿ. ಮೈಲಾರಲಿಂಗನ ನಾಯಿಗಳು ತಾವು ಎಂದು ಅವರು ಬೊಗಳುತ್ತಾರೆ, ದೋಣಿಯಲ್ಲಿಟ್ಟ ಎಡೆಗೆ ನಾಯಿಯ ಹಾಗೆಯೇ ಬಾಯಿ ಹಾಕಿ ಉಣ್ಣುತ್ತಾರೆ. ದೇವರ ಹತ್ತಿರ ಇರಬೇಕಾದರೆ ನಾಯಿಯಾಗಿ ಇರಬೇಕು ಎಂದು ನಂಬಿದ ಜನ ನಮ್ಮ ನೆರೆಹೊರೆಯಲ್ಲೇ ಇದ್ದಾರೆ. ನಮ್ಮ ಕಡೆ ಮೈಲಾರಪ್ಪನ ಒಕ್ಕಲು ಎಷ್ಟು ಮನೆಗಳಲ್ಲಿಲ್ಲ!

ಇನ್ನೊಂದು ಮಾತು. ಸಿನಿಮಾದ ನಾಯಕನಿಗೆ ಧರ್ಮ ಎಂದು ಹೆಸರಿಟ್ಟು, ನಾಯಿಯ ಜೊತೆ ಹಿಮಾಲಯದ ಕಡೆ ಕಳಿಸಿದ್ದನ್ನು ನಮ್ಮ ಓಣಿಯ ಹಿರಿಯರೊಬ್ಬರು ಕೂಡಲೇ ಹಿಡಿದರು. “ಇದು ಧರ್ಮರಾಯನ ಕತಿ ಐತಲ್ಲಪ್ಪ” ಎಂದರು. ಮಹಾಪ್ರಸ್ಥಾನದಲ್ಲಿ ತಮ್ಮಂದಿರು, ಹೆಂಡತಿ ಎಲ್ಲ ಒಬ್ಬೊಬ್ಬರಾಗಿ ಬಿದ್ದರು, ಕೊನೆಯ ತನಕ ಬಂದದ್ದು ನಾಯಿ. ನಾಯಿಯನ್ನು ಬಿಟ್ಟು ಬಾ ಎಂದ ಇಂದ್ರನಿಗೆ, ಬಿಟ್ಟು ಬರುವ ಸ್ವರ್ಗ ಬೇಡ ಎಂದ ಧರ್ಮರಾಯ. ಕುಮಾರವ್ಯಾಸ ಗದಾಯುದ್ಧಕ್ಕೆ ಕತೆ ನಿಲ್ಲಿಸಿದ್ದರಿಂದ ಅವನ ಗದುಗಿನ ಭಾರತದಲ್ಲಿ ಈ ನಾಯಿ ಇಲ್ಲ. ಉಳಿದ ಪರ್ವಗಳನ್ನು ಬರೆದವನು ತಿಮ್ಮಣ್ಣ ಕವಿ, ಬರೆಸಿದವನು ಕೃಷ್ಣದೇವರಾಯ. ಎಂದರೆ ಧರ್ಮರಾಯನ ನಾಯಿ ಹಳಗಾಲದ ನಮ್ಮ ಕನ್ನಡಕ್ಕೆ ಬಂದದ್ದು ವಿಜಯನಗರದ ಆಸರೆಯಲ್ಲಿ, ಇಲ್ಲೇ, ನಮ್ಮಿಂದ ಒಂದು ಹಗಲಿನ ಗಾಡಿ ದಾರಿಯಲ್ಲಿ. ಕರುಣರಸಕ್ಕೆ ನಮ್ಮ ನೆಲದಲ್ಲಿ ಬರವೆಂದೂ ಇರಲಿಲ್ಲ. ಹರಿಶ್ಚಂದ್ರಕಾವ್ಯದ ರಾಘವಾಂಕನೂ ಹಂಪೆಯ ಸೀಮೆಯವನೇ. ನಮ್ಮ ಊರುಗಳಲ್ಲಿ ಹರಿಶ್ಚಂದ್ರ ನಾಟಕ ಕಟ್ಟಿದಾಗ, ಸತ್ತ ಲೋಹಿತಾಶ್ವನನ್ನು ಎತ್ತಿಕೊಂಡು ಚಂದ್ರಮತಿ ಸ್ಮಶಾನಕ್ಕೆ ಬರುವ ಹೊತ್ತಿಗೆ ಹೆಣ್ಣುಮಕ್ಕಳ ಸಾಲಿನಿಂದ ಬಿಕ್ಕುವ ಸದ್ದು ಬರುತ್ತಿತ್ತು, ಯಾರೂ ನಗುತ್ತಿರಲಿಲ್ಲ. ಮನುಷ್ಯರಿಗೆ ಅಳಲು ನಾವು ನಾಚಿದವರಲ್ಲ.

ನಾಯಿಯ ಸಿನಿಮಾ ಕೂಡ ನಮಗೆ ಹೊಸದಲ್ಲ. 1985ರಲ್ಲಿ ‘ತೇರಿ ಮೆಹರ್‌ಬಾನಿಯಾಂ’ ಎಂಬ ಹಿಂದಿ ಚಿತ್ರ ಬಂದು ದೊಡ್ಡ ಹೆಸರು ಮಾಡಿತು. ಜಾಕಿ ಶ್ರಾಫ್ ನಾಯಕ, ಮೋತಿ ಎಂಬ ನಾಯಿ. ಅದರ ನಿರ್ದೇಶಕರು ನಮ್ಮ ‘ಗಂಧದ ಗುಡಿ’ ಮಾಡಿದ ವಿಜಯ್ ರೆಡ್ಡಿ. ಅದರಲ್ಲಿ ಒಡೆಯ ಸಾಯುತ್ತಾನೆ, ನಾಯಿ ಉಳಿದು ಸೇಡು ತೀರಿಸಿಕೊಳ್ಳುತ್ತದೆ. ನೋಡುವವರು ಸಿಳ್ಳೆ ಹಾಕಿದರು. ಚಾರ್ಲಿಯಲ್ಲಿ ಸೇಡಿಲ್ಲ, ಸಿಳ್ಳೆಗೆ ಜಾಗವಿಲ್ಲ. ನಾಯಿ ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಉಳಿದವನ ಕಡೆಯಿಂದ ಕತೆ ಹೇಳಿದ್ದಕ್ಕೇ ಅದು ನೋಡುವವರ ಕರುಳಿಗೆ ಹತ್ತಿತು ಎಂದು ನನಗನಿಸುತ್ತದೆ. ಜಪಾನಿನ ಹಾಚಿಕೊ ಎಂಬ ನಾಯಿಯ ಕತೆ ನೀವು ಕೇಳಿರಬಹುದು. 1925ರ ಮೇ ತಿಂಗಳಲ್ಲಿ ಒಡೆಯ ತೀರಿಕೊಂಡ ಮೇಲೂ ಟೋಕಿಯೊದ ಶಿಬುಯಾ ರೈಲು ನಿಲ್ದಾಣಕ್ಕೆ ಬಂದು ಕಾಯುತ್ತಿದ್ದ ನಾಯಿ ಅದು. 1935ರ ಮಾರ್ಚಿನಲ್ಲಿ ತಾನು ಸಾಯುವ ತನಕ ಕಾಯಿತು. ಅಲ್ಲಿಯೂ ಅದರ ಸಿನಿಮಾ ಮಾಡಿದರು, ಅಮೆರಿಕದಲ್ಲಿಯೂ ಮಾಡಿದರು, ನೋಡಿದವರು ಅತ್ತರು.

ನಮ್ಮ ಒಂಬತ್ತು ಜನರ ಕಡೆಗೆ ಬರುತ್ತೇನೆ. ಒಬ್ಬೊಬ್ಬರು ಒಂದೊಂದು ತೆರ.

ನನ್ನ ಅಕ್ಕನ ಮೊಮ್ಮಗ, ಆರು ವರ್ಷದವನು, ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೇಳಿದ: “ಚಾರ್ಲಿ ಖರೇನs ಸತ್ತತೇನು?” ಇಲ್ಲ ಮರಿ, ಅದು ಆಟ, ಸತ್ತ ಹಾಗೆ ಮಲಗಿತ್ತು ಎಂದರೂ ಅವನು ನಂಬಲಿಲ್ಲ. ಊಟ ಮಾಡಲಿಲ್ಲ. ಎರಡು ವರ್ಷ ಕಳೆದು, 2024ರ ಮೇ ತಿಂಗಳಲ್ಲಿ, ಆ ಚಾರ್ಲಿ ಮೈಸೂರಿನಲ್ಲಿ ಆರು ಮರಿ ಹಾಕಿದ ಸುದ್ದಿ ಬಂತು. ರಕ್ಷಿತ್ ಶೆಟ್ಟಿ ಅಲ್ಲಿಗೇ ಹೋಗಿ ಮರಿಗಳನ್ನು ಜನರಿಗೆ ತೋರಿಸಿದರು. ಫೋನಿನಲ್ಲಿ ಅದನ್ನು ಹುಡುಗನಿಗೆ ತೋರಿಸಿದೆ. ಎಂಟು ವರ್ಷದವನಾಗಿದ್ದ. ತುಂಬ ಹೊತ್ತು ನೋಡಿ, “ಹಂಗಾರ ಐತಿ” ಎಂದ. ಆ ಎರಡು ವರ್ಷ ಆ ಪ್ರಶ್ನೆ ಅವನೊಳಗೆ ಇದ್ದೇ ಇತ್ತು. ಮಕ್ಕಳನ್ನು ಇಂಥ ಸಿನಿಮಾಕ್ಕೆ ಕರೆದೊಯ್ಯುವುದು ತಪ್ಪೆಂದು ನಾನು ಹೇಳುವುದಿಲ್ಲ, ಆದರೆ ಕರೆದೊಯ್ದವರು ಆಮೇಲೆ ಮಾತಾಡಬೇಕು. ಸಾವು ಏನೆಂದು ಒಂದು ಮಗು ಮೊದಲ ಸಲ ಕೇಳುವುದು ಬಹಳ ಸಲ ನಾಯಿ, ಬೆಕ್ಕು, ಗಿಳಿಯ ನೆಪದಲ್ಲಿಯೇ.

ನಮ್ಮ ಜೊತೆ ಬಂದಿದ್ದ ಕುರಿ ಸಾಕುವ ಹಿರಿಯರೊಬ್ಬರು ಅಳಲಿಲ್ಲ. ಊರಿಗೆ ಬಂದ ಮೇಲೆ ಕಟ್ಟೆಯ ಮೇಲೆ ಕೂತು ಹೇಳಿದರು: “ಹಿಮ ತೋರಸಾಕ ಅಷ್ಟು ದೂರ ಯಾಕ ಒಯ್ದ ಅದನ್ನ? ಜಡ್ಡಾದ ನಾಯಿ ನೆಳ್ಳಾಗ ಮಲಗಬೇಕಂತತಿ. ಅದರ ಹತ್ರ ಕುಂತಿದ್ರ ಸಾಕಾಗಿತ್ತು.” ಇದು ಗಟ್ಟಿಯಾದ ವಿಮರ್ಶೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಹಿಮ ನೋಡುವ ಆಸೆ ನಾಯಿಯದೋ, ಏನಾದರೂ ದೊಡ್ಡದು ಮಾಡಿ ತನ್ನ ಸಂಕಟ ಕಳೆದುಕೊಳ್ಳಬೇಕೆಂದವನದೋ? ಚಿತ್ರದ ನಡುಭಾಗ ಪ್ರಯಾಣ, ಸ್ಪರ್ಧೆ, ಹೊಸ ಹೊಸ ಪಾತ್ರಗಳು ಎಂದು ಎಳೆದಾಡುವುದೂ ನಿಜ. ಆ ಹಿರಿಯರ ಕೈಯಲ್ಲಿ ಎಷ್ಟೋ ನಾಯಿಗಳು ಸತ್ತಿವೆ. ಹತ್ತಿರ ಕೂತಿದ್ದವರು ಅವರು. ಅದಕ್ಕೆ ಅವರಿಗೆ ಬಾಕಿ ಅಳು ಇರಲಿಲ್ಲ.

ಇನ್ನು ನೆರೆಮನೆಯ ಹೆಣ್ಣುಮಗಳು, ಐವತ್ತು ದಾಟಿದವರು. ಸಿನಿಮಾ ಮುಗಿಯುವ ತನಕ ಎರಡೂ ಕಾಲು ಕುರ್ಚಿಯ ಮೇಲೆ ಮಡಚಿಟ್ಟುಕೊಂಡು ಕೂತಿದ್ದರು. ಚಿಕ್ಕಂದಿನಲ್ಲಿ ನಾಯಿ ಕಚ್ಚಿ, ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡವರು. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತಿತು, ಅದರ ನೋವು ಪಡೆದವರ ಮೈಯಲ್ಲಿ ನಿಂತಿಲ್ಲ. ಅತ್ತಿರೇನಕ್ಕ ಎಂದು ಕೇಳಿದೆ. “ಕಣ್ಣೀರು ಬಂತಪ್ಪ. ಅಂಜಿಕಿ ಹೋಗಲಿಲ್ಲ” ಎಂದರು. ನಾನು ಕೇಳಿದ ಮಾತುಗಳಲ್ಲಿ ಇದು ಅತ್ಯಂತ ಪ್ರಾಮಾಣಿಕವಾದದ್ದು. ಹುಚ್ಚುನಾಯಿ ಕಡಿದು ಮಕ್ಕಳನ್ನು ಕಳೆದುಕೊಂಡ ಮನೆಗಳು ಈ ನಾಡಿನಲ್ಲಿವೆ. ಅಂಥ ತಾಯಿಯ ಮುಂದೆ ನಿಂತು ನಾಯಿಯ ನಿಯತ್ತನ್ನು ಹೊಗಳುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು. ಅದಕ್ಕೇ ಈ ಬಾನುಲಿಯಲ್ಲಿ ಇದನ್ನೂ ಹೇಳಿಬಿಡುತ್ತೇನೆ. ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಎಲೆಯ ರಸ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಈಗಿನ ಲಸಿಕೆ ತೋಳಿಗೆ, ಹೊಕ್ಕುಳಿಗಲ್ಲ, ಕೆಲವೇ ಸೂಜಿ. ವೈದ್ಯರು ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಬೇಡಿ. ಸಮಯಕ್ಕೆ ಹಾಕಿಸಿದರೆ ಹುಚ್ಚುನಾಯಿ ರೋಗ ಬರುವುದಿಲ್ಲ, ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗ ನಾಯಿಯಿಂದ ನಾಯಿಗೆ ದಾಟುವುದೇ ನಿಲ್ಲುತ್ತದೆ. ನಾಯಿಯ ಮೇಲೆ ಪ್ರೀತಿ ಇರುವವರೂ ನಾಯಿಗೆ ಅಂಜುವವರೂ ಕೂಡಿ ಮಾಡಬೇಕಾದ ಕೆಲಸ ಇದು.

ಸಿನಿಮಾ ನೋಡಿ ಬಂದ ಕೆಲವರು ಮಾಡಿದ್ದು ಇನ್ನೊಂದು. ಲ್ಯಾಬ್ರಡಾರ್ ಮರಿ ತಂದರು. ನಮ್ಮ ಸುತ್ತಮುತ್ತಲೇ ಎರಡು ಮೂರು ಮನೆಗೆ ಬಂದವು. ಇದು ನನಗೆ ಬಹಳ ನೋವು ಕೊಟ್ಟಿತು. ಮರಿ ಮಾರುವ ದಂಧೆ ನಾಯಿಯ ಒಡಲನ್ನು ಹೇಗೆ ಹಾಳು ಮಾಡುತ್ತದೆ ಎಂದು ಹೇಳಲೆಂದೇ ಮಾಡಿದ ಚಿತ್ರ, ಅದನ್ನು ನೋಡಿ ಅತ್ತು, ಅದೇ ದಂಧೆಯ ಬಾಗಿಲಿಗೆ ಹೋಗಿ ದುಡ್ಡು ಕೊಟ್ಟರೆ? ಆ ಜಾತಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್, ಕೊರೆಯುವ ನೀರಿನಲ್ಲಿ ಮೀನುಗಾರರ ಜೊತೆ ಈಜುತ್ತಿದ್ದ ನಾಯಿಯ ಸಂತತಿ. ಮೈಮೇಲೆ ಎರಡು ಪದರ ಕೂದಲು. ನಮ್ಮ ಬಳ್ಳಾರಿ ಬಿಸಿಲು ಏಪ್ರಿಲ್ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುತ್ತದೆ, ಬಂಡೆಗಳು ರಾತ್ರಿಯೂ ಕಾಯ್ದಿರುತ್ತವೆ. ಒಂದು ಮನೆಯಲ್ಲಿ ಆ ಮರಿಯನ್ನು ತಗಡಿನ ಚಪ್ಪರದ ಕೆಳಗೆ ಕಟ್ಟಿದ್ದರು. ನಾಲಿಗೆ ಹೊರಚಾಚಿ ಏದುತ್ತಿತ್ತು, ನೀರಿನ ಬಟ್ಟಲು ಬಿಸಿಯಾಗಿತ್ತು. ಪ್ರೀತಿಯಿಂದಲೇ ತಂದವರು ಅವರು, ಕೆಟ್ಟವರಲ್ಲ. ಆ ಮನೆಯ ಮುಂದೆಯೇ ಮಣ್ಣುಬಣ್ಣದ ಊರನಾಯಿ ಒಂದು, ಚರಂಡಿಯ ತಂಪಿನಲ್ಲಿ ಗುಳಿ ತೋಡಿಕೊಂಡು ಆರಾಮಾಗಿ ಮಲಗಿತ್ತು. ಈ ಬಿಸಿಲಿಗೇ ಹುಟ್ಟಿದ ಮೈ ಅದರದು. ಅದಕ್ಕೂ ಎರಡು ಕಣ್ಣಿವೆ, ಚಾರ್ಲಿಯ ಹಾಗೆಯೇ ನೋಡುತ್ತದೆ.

ಕಣ್ಣಿನ ಮಾತು ಬಂತು. ನಾಯಿ ಮತ್ತು ಅದನ್ನು ಸಾಕಿದವರು ಒಬ್ಬರನ್ನೊಬ್ಬರು ದಿಟ್ಟಿಸಿ ನೋಡಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ತಾಯಿ ಮಗುವಿನ ನಂಟನ್ನು ಗಟ್ಟಿಮಾಡುವ ರಸವೂ ಅದೇ. ಚಾರ್ಲಿ ಬಂದ ವರ್ಷವೇ, 2022ರ ಆಗಸ್ಟ್‌ನಲ್ಲಿ, ಅಲ್ಲಿಯವರೇ ಇನ್ನೊಂದು ಸಂಗತಿ ಪ್ರಕಟಿಸಿದರು. ದೂರ ಹೋದ ಒಡೆಯ ಮರಳಿ ಬಂದಾಗ ನಾಯಿಯ ಕಣ್ಣಲ್ಲಿ ನೀರು ಹೆಚ್ಚುತ್ತದೆ. ನಮ್ಮ ಕುರಿಗಾರರಿಗೆ ಇದನ್ನು ಹೇಳಿದರೆ, ಇದಕ್ಕ ಜಪಾನಿಗೆ ಯಾಕ ಹೋಗಬೇಕಿತ್ತು ಎಂದಾರು.

ಇನ್ನು ಒಂದೇ ಮಾತು ಉಳಿದಿದೆ, ಅದು ನಮ್ಮ ಮನೆಯದು.

ಅಪ್ಪ ಅವತ್ತು ಬಳ್ಳಾರಿಗೆ ಬಂದಿರಲಿಲ್ಲ. ಮುಂದೆ ಅದೇ ಚಿತ್ರ ಟಿ.ವಿ.ಯಲ್ಲಿ ಬಂದಾಗ ನಡುಮನೆಯಲ್ಲಿ ಕೂತು ನೋಡಿದರು. ಪಶುವೈದ್ಯರು ಧರ್ಮನಿಗೆ ರೋಗದ ಸುದ್ದಿ ಹೇಳುವ ಹೊತ್ತಿಗೆ ಎದ್ದು ಹೊರಗೆ ಹೋದರು. ನೀರು ಕುಡಿಯಲು ಹೋದರೇನೋ ಎಂದುಕೊಂಡೆವು. ತಿರುಗಿ ಬರಲಿಲ್ಲ. ಹೋಗಿ ನೋಡಿದರೆ ಬೇವಿನ ಕಟ್ಟೆಯ ಮೇಲೆ ಕೂತಿದ್ದರು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮ ಮನೆಯಲ್ಲಿ ಕಾಳ್ಯಾ ಎಂಬ ನಾಯಿ ಇತ್ತು. ಕಪ್ಪು ಬಣ್ಣ, ಎದೆಯ ಮೇಲೊಂದು ಬಿಳಿ ಮಚ್ಚೆ. ಹೊಲಕ್ಕೆ ಅಪ್ಪನ ಹಿಂದೆ ಹೋಗಿ, ಅಪ್ಪನ ಹಿಂದೆಯೇ ಬರುತ್ತಿತ್ತು. ಬೇಸಿಗೆ ಮುಂಚೆ ಮೆಣಸಿನಕಾಯಿ ಒಣಹಾಕಿದ ಕಣದಲ್ಲಿ ಅಪ್ಪ ಮಲಗಿದರೆ ಅವರ ಕಾಲದೆಸೆಯಲ್ಲಿ ಅದು. ಘಾಟಿಗೆ ಸೀನುತ್ತ ಮಲಗುತ್ತಿತ್ತು, ಎದ್ದು ಹೋಗುತ್ತಿರಲಿಲ್ಲ. ಒಂದು ದಿನ ಸಾಲೆಯಿಂದ ಬಂದರೆ ಕಾಳ್ಯಾ ಇಲ್ಲ. ಅಪ್ಪ ಹೇಳಿದರು, “ಕುರಿಗಾರರ ಹಿಂದ ಹೋತು.” ಅದು ನಂಬುವಂಥ ಮಾತೇ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿಹಿಂಡು ತರುಬುತ್ತಾರೆ, ಒಂದೆರಡು ರಾತ್ರಿ ಇದ್ದು ಮುಂದಿನ ಊರಿಗೆ ಹೊರಡುತ್ತಾರೆ, ಅವರ ನಾಯಿಗಳ ಜೊತೆ ಊರನಾಯಿ ಹೊರಟುಹೋಗುವುದುಂಟು. ಅದರ ಮುಂದಿನ ವರ್ಷ ಕುರಿಹಿಂಡು ಬಂದಾಗ ನಾನು ಓಡಿಹೋಗಿ ಅವರ ನಾಯಿಗಳನ್ನೆಲ್ಲ ನೋಡಿದೆ. ಎದೆಯ ಮೇಲೆ ಬಿಳಿ ಮಚ್ಚೆ ಇದೆಯೇ ಎಂದು. ಅದರ ಮುಂದಿನ ವರ್ಷವೂ ನೋಡಿದೆ. ಕಾಲೇಜಿಗೆ ಹೋದ ಮೇಲೂ, ರಸ್ತೆಯಲ್ಲಿ ಹಿಂಡು ಅಡ್ಡ ಬಂದರೆ, ನಾಯಿಯ ಆಯುಷ್ಯ ಅಷ್ಟಿಲ್ಲವೆಂದು ಗೊತ್ತಿದ್ದೂ, ಕಣ್ಣು ಆ ಕಡೆ ಹೋಗುತ್ತಿತ್ತು.

ಬೇವಿನ ಕಟ್ಟೆಯ ಮೇಲೆ ನಾನೂ ಕೂತೆ. ಒಳಗೆ ಸಿನಿಮಾದ ಸದ್ದು ಕೇಳುತ್ತಿತ್ತು. ಅಪ್ಪ ನನ್ನ ಕಡೆ ನೋಡದೆ ಹೇಳಿದರು: “ಅದು ಕುರಿಗಾರರ ಹಿಂದ ಹೋಗಿದ್ದಿಲ್ಲ.”

ಮೆಣಸಿನ ಗಿಡಕ್ಕೆ ಔಷಧಿ ಹೊಡೆಯುವ ದಿನ. ಡ್ರಮ್ಮಿನಲ್ಲಿ ಔಷಧಿ ಕಲಸಿ, ಮುಚ್ಚಳ ಹಾಕದೆ, ಪಂಪು ಬೆನ್ನಿಗೆ ಹಾಕಿಕೊಂಡು ಸಾಲಿಗೆ ಹೋಗಿದ್ದರಂತೆ. ಸುಡುವ ಮಧ್ಯಾಹ್ನ. ಕಾಳ್ಯಾ ನೀರೆಂದು ಬಾಯಿ ಹಾಕಿತ್ತು. ಇವರು ಸಾಲು ಮುಗಿಸಿ ಬರುವ ಹೊತ್ತಿಗೆ ಬಾಯಲ್ಲಿ ನೊರೆ. ಉಪ್ಪುನೀರು ಕುಡಿಸಿದರು, ಹುಳಿಮಜ್ಜಿಗೆ ಹೊಯ್ದರು. ಹೊತ್ತು ಮುಳುಗುವ ತನಕ ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಮೇಲೆ ಉಪಕಾಲುವೆಯ ದಂಡೆಯಲ್ಲಿ ಜಾಲಿಗಿಡದ ಬುಡಕ್ಕೆ ಕುಣಿ ತೋಡಿ ಮಣ್ಣು ಮಾಡಿ ಬಂದರು. ಮನೆಯಲ್ಲಿ ಅವ್ವನಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಆ ಜಾಗಕ್ಕೆ ಹೋದರು. ಜಾಲಿಗಿಡ ಎಂದೋ ಹೋಗಿದೆ. ಕಾಲುವೆಗೆ ಸಿಮೆಂಟು ಹಾಕಿದ್ದಾರೆ. ಅಪ್ಪ ದಂಡೆಯ ಮೇಲೆ ಆ ಕಡೆಯಿಂದ ಈ ಕಡೆಗೆ ನಡೆದರು, “ಇಲ್ಲೇ” ಎಂದರು, ಮತ್ತೆ ಹತ್ತು ಹೆಜ್ಜೆ ಮುಂದೆ ಹೋಗಿ “ಇಲ್ಲಪ್ಪ, ಇಲ್ಲಿ” ಎಂದರು. ಕಾಲುವೆ ತುಂಬ ನೀರು ಹರಿಯುತ್ತಿತ್ತು. ಟವೆಲ್ಲು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು.

“ಕುರಿ ಹಿಂಡು ಬಂದಾಗೆಲ್ಲ ನೀ ಓಡಿಹೋಗಿ ಹುಡುಕ್ತಿದ್ದಿ,” ಎಂದರು. “ನಾ ದೂರ ನಿಂತು ನೋಡ್ತಿದ್ದೆ.”